ಮಗಳ ಮನೆಯ ದಾರಿಯಲ್ಲಿ ಹುಲಿ

ಇಳಕಲ್ಲಿನ ಓದುಗರೊಬ್ಬರ ಪತ್ರದ ಸಾರ: ‘ಅರವತ್ತೆರಡರ ನನ್ನ ತಾಯಿ ಯುಗಾದಿಗೆ ಶ್ರೀಶೈಲಕ್ಕೆ ನಡೆದೇ ಹೋಗುತ್ತೇನೆಂದು ಹಟ ಹಿಡಿದಿದ್ದಾರೆ. ಬಸ್ಸಿನಲ್ಲಿ ಸೀಟು ಕಾದಿರಿಸಿದರೂ ಒಲ್ಲೆ ಎನ್ನುತ್ತಾರೆ. ದೇವರು ಎಲ್ಲೆಡೆ ಇರುವಾಗ, ನೆಮ್ಮದಿಗಾಗಿ ಹುಲಿಯ ಕಾಡು ತುಳಿಯಬೇಕೇ?’

ಉತ್ತರ: ಬಿಸಿಲಿನ ವಿಷಯದಲ್ಲಿ ನೀವು ಅಂಜುವುದು ಸರಿ. ಮಾರ್ಚ್ ತಿಂಗಳ ಡಾಂಬರು ರಸ್ತೆ ಯಾರ ಭಕ್ತಿಯನ್ನೂ ನೋಡುವುದಿಲ್ಲ. ತಾಯಿಯನ್ನು ಒಮ್ಮೆ ವೈದ್ಯರಿಗೆ ತೋರಿಸಿ. ನಿಮ್ಮ ಪರವಾಗಿ ನಾನು ಹೇಳಬಹುದಾದದ್ದು ಇಷ್ಟೇ.

ನನ್ನ ಸೋದರತ್ತೆ ಕತ್ತಲಾದರೆ ಹಿತ್ತಲಿಗೂ ಜೊತೆ ಬೇಡುತ್ತಿದ್ದ ಅಂಜುಬುರುಕಿ. ಅಂಥವಳು ಏಳು ಸಲ ಶ್ರೀಶೈಲದ ಮಲ್ಲಿಕಾರ್ಜುನನ, ಅಂದರೆ ನಮ್ಮ ಮಲ್ಲಯ್ಯನ, ಕಂಬಿಯ (ಹೆಗಲ ಮೇಲೆ ಹೊತ್ತೊಯ್ಯುವ ದೇವರ ಕೋಲಿನ) ಹಿಂದೆ ನಡೆದು, ನಲ್ಲಮಲದ ಕಾಡು ಹಾದು, ಭೀಮನ ಕೊಳ್ಳದ ಏರು ಹತ್ತಿ ಬಂದಳು. ಆ ಸೀಮೆಯ ಹುಲಿ ಸಂರಕ್ಷಿತ ಪ್ರದೇಶ 3,700 ಚದರ ಕಿಲೋಮೀಟರಿಗೂ ಹೆಚ್ಚು, ದೇಶದಲ್ಲೇ ದೊಡ್ಡದು. ‘ಹೆದರಿಕೆ ಆಗಲಿಲ್ಲವೇ ಅತ್ತೆ?’ ಎಂದು ಕೇಳಿದ್ದೆ. ‘ಮಗಳ ಮನೆಗೆ ಹೋಗುವವರು ದಾರಿಯಲ್ಲಿ ಹುಲಿ ಇದೆಯೇ ಎಂದು ವಿಚಾರಿಸುತ್ತಾರೇನೋ?’ ಎಂದಳು.

ಶ್ರೀಶೈಲದ ದೇವಿ ಭ್ರಮರಾಂಬೆ ಕನ್ನಡ ನಾಡಿನ ಮಗಳು, ಮಲ್ಲಯ್ಯ ಅಳಿಯ ಎಂಬುದು ನಮ್ಮ ಕಡೆಯ ನಂಬಿಕೆ. ನಿಮಗೂ ಗೊತ್ತಿರಬೇಕು, ಮರೆತಿದ್ದೀರಿ. ಸೀರೆ, ಖಣ, ಬಳೆ ಕಟ್ಟಿಕೊಂಡು ಉಡಿ ತುಂಬಲು ಹೊರಟವಳಿಗೆ ದೇವರ ಹತ್ತಿರ ಬೇಡುವುದಕ್ಕಿಂತ ಕೊಡುವ ಸಡಗರವೇ ಹೆಚ್ಚು. ದಾರಿಯುದ್ದಕ್ಕೂ ಗುರುತಿಲ್ಲದವರು ಮಜ್ಜಿಗೆ ಕೊಡುತ್ತಾರೆ, ಬೊಬ್ಬೆ ಎದ್ದ ಪಾದಕ್ಕೆ ಎಣ್ಣೆ ತಿಕ್ಕುತ್ತಾರೆ. ಅತ್ತೆಯ ಅಂಜಿಕೆ ಬಿಟ್ಟದ್ದು ಅಲ್ಲಿಯೇ ಇರಬೇಕು. ಊರಿಗೆ ಮರಳಿದ ಮೇಲೆ ಹಿತ್ತಲಿಗೆ ಮತ್ತೆ ಜೊತೆ ಬೇಡುತ್ತಿದ್ದಳು, ಅದು ಬೇರೆ ಮಾತು.

ಉಡುತಡಿಯ ಅಕ್ಕಮಹಾದೇವಿ 12ನೇ ಶತಮಾನದಲ್ಲಿ ಕಲ್ಯಾಣದಿಂದ ಇದೇ ಮಲ್ಲಿಕಾರ್ಜುನನನ್ನು ಅರಸಿ ಹೊರಟಾಗಲೂ ನಿಮ್ಮಂತೆ ಕಾಳಜಿಯಿಂದ ತಡೆದವರು ಇದ್ದಿರಬೇಕು.

‘ದೇವರು ಎಲ್ಲೆಡೆ ಇದ್ದಾನೆ’ ಎನ್ನುವವರನ್ನು ಕಂಡರೆ ನನಗೆ ಸಂಶಯ. ಎಲ್ಲೆಡೆ ಇರುವವನನ್ನು ಕಾಣಲು ಎಲ್ಲಿಗೂ ಹೋಗಬೇಕಿಲ್ಲವಲ್ಲ! ಹೋದರೂ ಹೆಚ್ಚು ದುಡ್ಡಿನ ಚೀಟಿ, ಬೇರೆ ಸಾಲು, ಅರೆ ನಿಮಿಷದ ದರ್ಶನ. ಹೊರಬಂದ ಕೂಡಲೇ ಮೊಬೈಲ್. ಮನೆಯ ನಾಲ್ಕು ಮೂಲೆಗೆ ಕ್ಯಾಮೆರಾ ಹಾಕಿಸಿಕೊಂಡವರೇ ನಿದ್ದೆ ಬಾರದೆಂದು ನನಗೆ ಪತ್ರ ಬರೆಯುತ್ತಾರೆ. ಅಂಥವರಿಗಾಗಿ ನಾವೂ ವಾರಭವಿಷ್ಯ ಅಚ್ಚು ಹಾಕುತ್ತೇವೆ. ಅದನ್ನು ನಿಲ್ಲಿಸಿದ ಒಂದೇ ವಾರ ಕಚೇರಿಯ ಫೋನು ಬಿಡುವಿಲ್ಲದೆ ಬಡಿದುಕೊಂಡಿತು.

ಕಾದಿರಿಸಿದ ಬಸ್ ಸೀಟನ್ನು ಮರಳುವ ದಿನಕ್ಕೆ ಬದಲಾಯಿಸಿಕೊಳ್ಳಿ. ಎರಡು ಸೀಟು ತೆಗೆಸಿ. ಅಷ್ಟು ನಡೆದ ಮೇಲೆ ನಿಮ್ಮ ಕಾಲೂ ನೋಯುತ್ತದೆ.