ಮಿಸ್ ಮುಂದೆ ಎಲ್ಲಾ ಸರಿ, ಟೆಸ್ಟ್‌ನಲ್ಲಿ ತಪ್ಪು

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರು ಮನೆಪಾಠ ಹೇಳುವ ಟೀಚರ್. ಬಿ.ಎಡ್ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಯುವತಿ. 6ನೇ ತರಗತಿಯ ಒಬ್ಬ ಹುಡುಗನ ಮನೆಗೇ ಹೋಗಿ ದಿನಾ ಒಂದು ಗಂಟೆ ಲೆಕ್ಕ ಹೇಳಿಕೊಡುತ್ತಾರೆ. ಬಂದಿದ್ದು ಮಾತ್ರ ತಮ್ಮ ಕೋಪಕ್ಕೆ ಪರಿಹಾರ ಕೇಳಿಕೊಂಡು.

“ನನ್ನ ಮುಂದೆ ಎಲ್ಲಾ ಸರಿಯಾಗಿ ಮಾಡ್ತಾನೆ ಮೇಡಂ. ಅದೇ ಲೆಕ್ಕ ಟೆಸ್ಟ್‌ನಲ್ಲಿ ಬಂದ್ರೆ ತಪ್ಪು. ಮೊನ್ನೆ ತಡೆಯೋಕಾಗದೆ ಪುಸ್ತಕ ಎತ್ತಿ ಕುಕ್ಕಿದೆ. ಅವನು ಅಳಲೂ ಇಲ್ಲ, ಮೆಂಡರ್ ತಗೊಂಡು ಪೆನ್ಸಿಲ್ ಹೆರೀತಾ ಕೂತ. ನನಗೇ ಭಯ ಆಯ್ತು. ಈ ಮಗೂನ ಬಿಟ್ಟುಬಿಡ್ಲಾ?”

ಬಿಡುವ ಮಾತು ಆಮೇಲೆ ನೋಡೋಣ ಅಂದೆ. ನಾನೇ ಆ ಹುಡುಗ ಅಂದುಕೊಂಡು ಒಂದು ಲೆಕ್ಕ ಹೇಳಿಕೊಡಿ ಅಂತ ಕೇಳಿದೆ. ಅವರು ನೋಟ್‌ಬುಕ್ ತೆಗೆದು 402ರಲ್ಲಿ 178 ಕಳೆಯುವ ಲೆಕ್ಕ ಬರೆದರು.

“ಎಲ್ಲಿಂದ ಶುರು? ಬಿಡಿ ಸ್ಥಾನದಿಂದ ಅಲ್ವಾ? 2ರಲ್ಲಿ 8 ಹೋಗುತ್ತಾ? ಹೋಗಲ್ಲ. ಆಗ ಏನ್ಮಾಡ್ತೀವಿ? ಪಕ್ಕದ ಮನೆಯಿಂದ ಸಾಲ ತರ್ತೀವಿ. ಪಕ್ಕದಲ್ಲಿ ಸೊನ್ನೆ ಇದೆ, ಅದಕ್ಕೆ ಅದರಾಚೆ ಹೋಗ್ತೀವಿ. 4 ಈಗ ಎಷ್ಟಾಯ್ತು? 3 ಆಯ್ತು...”

ಲೆಕ್ಕ ಮುಗಿಯಿತು. ಉತ್ತರ 224, ಸರಿಯಾಗಿದೆ. ಅಷ್ಟೂ ಹೊತ್ತು ನಾನು ಮಾಡಿದ್ದು ‘ಹೂಂ’ ಅಂದಿದ್ದು ಮಾತ್ರ. ಪ್ರತಿ ಪ್ರಶ್ನೆಯ ಬಾಲಕ್ಕೆ ಉತ್ತರವೂ ಬರುತ್ತಿತ್ತು. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಿಜವಾದ ವಿಷಯ ಹೊರಗೆ ಬಂತು.

“ಅವರಮ್ಮ ಅಡುಗೆಮನೇಲಿ ಇರ್ತಾರೆ ಮೇಡಂ. ನಾನು ಸುಮ್ನೆ ಕೂತ್ರೆ ಏನಂದ್ಕೊಳ್ತಾರೆ? ದುಡ್ಡು ಕೊಡೋದು ಪಾಠ ಹೇಳೋಕೆ ತಾನೇ?”

ಈ ಒತ್ತಡ ಎಷ್ಟು ಮನೆಪಾಠದವರಿಗೆ ಇದೆ ಅಂತ ನನಗೆ ಗೊತ್ತು. ಶಾಲೆಯ ಟೀಚರ್ ತರಗತಿಯ ಬಾಗಿಲೊಳಗೆ ಪಾಠ ಮಾಡುತ್ತಾರೆ. ಮನೆಪಾಠದವರು ಸಂಬಳ ಕೊಡುವವರ ಕಿವಿಗೆ ಬೀಳುವಂತೆ ಮಾಡಬೇಕು. ಅದಕ್ಕೇ ದನಿ ಏರುತ್ತದೆ, ಮಾತು ಜಾಸ್ತಿಯಾಗುತ್ತದೆ. ಮಗು ತಲೆ ಆಡಿಸುವುದನ್ನು ಕಲಿಯುತ್ತದೆ. ಒಬ್ಬರಿಗೊಬ್ಬರು ಪಾಠ ಅನ್ನುವುದರ ದೊಡ್ಡ ಲಾಭ ಏನು? ಈ ಒಂದು ಮಗು ಹೇಗೆ ಯೋಚಿಸುತ್ತದೆ ಅಂತ ಕೇಳಿಸಿಕೊಳ್ಳಲು ಪುರುಸೊತ್ತು ಇರುತ್ತದೆ. ಆ ಪುರುಸೊತ್ತನ್ನೇ ಮಾತು ತಿಂದು ಹಾಕುತ್ತಿತ್ತು.

ಮುಂದಿನ ಭೇಟಿಯವರೆಗೆ ಒಂದೇ ಕೆಲಸ ಕೊಟ್ಟೆ. ಅದೇ ಲೆಕ್ಕ ಕೊಡಿ. ಅವನು ಏನೇ ಬರೆದರೂ ತಿದ್ದಬೇಡಿ. ‘ಹೇಗೆ ಮಾಡಿದೆ, ನಂಗೆ ಹೇಳು’ ಅಂತ ಕೇಳಿ, ಸುಮ್ಮನೆ ಕಾಯಿರಿ. ಅಮೆರಿಕದ ಮೇರಿ ಬಡ್ ರೋ ಎನ್ನುವ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಕಂಡುಕೊಂಡಿದ್ದರು. ಪ್ರಶ್ನೆ ಕೇಳಿದ ಟೀಚರ್ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಹೇಳಲು 3 ಸೆಕೆಂಡ್ ಸುಲಭ. ಅಡುಗೆಮನೆಯಿಂದ ಯಾರೋ ಕೇಳಿಸಿಕೊಳ್ಳುತ್ತಿರುವಾಗ ಅದು ಬಹಳ ಉದ್ದ.

ಟೀಚರ್ ಮತ್ತೆ ಬಂದಾಗ ಹುಡುಗನ ಹಾಳೆಯನ್ನೇ ತಂದಿದ್ದರು. 402ರಲ್ಲಿ 178 ಕಳೆದು 376 ಬರೆದಿದ್ದ. 8ರಲ್ಲಿ 2 ಕಳೆದರೆ 6, 7ರಲ್ಲಿ 0 ಕಳೆದರೆ 7, 4ರಲ್ಲಿ 1 ಕಳೆದರೆ 3. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ತುಂಬಾ ಹೊತ್ತು ಪೆನ್ಸಿಲ್ ಹೆರೆದು, ಕೊನೆಗೆ ಹೇಳಿದನಂತೆ: “ಪಕ್ಕದ ಮನೇಲೂ ಏನಿಲ್ವಲ್ಲ ಮಿಸ್, ಸೊನ್ನೆ. ಅವರೇನ್ ಸಾಲ ಕೊಡ್ತಾರೆ? ಅದಕ್ಕೆ ತಿರುಗಿಸಿ ಕಳ್ದೆ.”

ನನಗೆ ಆ ಮಾತು ತುಂಬಾ ಹಿಡಿಸಿತು. ಎಷ್ಟು ನ್ಯಾಯವಾದ ಯೋಚನೆ! ಇದು ದಡ್ಡತನದ ತಪ್ಪೇ ಅಲ್ಲ. ಹೇಳಿಕೊಟ್ಟ ಕಥೆಯನ್ನು ಮಗು ನಂಬಿದೆ, ಆ ಕಥೆ ಸೊನ್ನೆಯ ಹತ್ತಿರ ಬಂದು ನಿಂತುಹೋಗಿದೆ. ಇದು ಹೊರಗೆ ಬಂದ ಮೇಲೆ ಟೀಚರ್‌ಗೆ ಕೋಪ ಎಲ್ಲಿ ಉಳಿಯಿತು? ಅವರೇ ನಗುತ್ತಾ ಹೇಳುತ್ತಿದ್ದರು.

ಹುಡುಗನ ಅಪ್ಪನದು ದಿನಸಿ ಅಂಗಡಿ. ಭಾನುವಾರ ಇವನೂ ಅಲ್ಲಿ ಕೂರುತ್ತಾನೆ. 178 ರೂಪಾಯಿ ಸಾಮಾನಿಗೆ 500 ಕೊಟ್ಟರೆ ಚಿಲ್ಲರೆ ಹೇಗೆ ಕೊಡ್ತೀಯ ಅಂತ ಕೇಳಿ ನೋಡಿ ಅಂದೆ. ಅವನು ತಡವರಿಸದೆ ಹೇಳಿದ್ದ: “2 ಕೊಟ್ರೆ 180, 20 ಕೊಟ್ರೆ 200, ಆಮೇಲೆ ಮುನ್ನೂರು.” 322. ಇದೇನೂ ಅಪರೂಪವಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳ ಮೇಲೆ ಮಾಡಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದಾಗ ಆ ಮಕ್ಕಳ ಉತ್ತರ ಶೇ. 98ರಷ್ಟು ಸರಿ. ಅದೇ ಥರದ ಲೆಕ್ಕವನ್ನು ಬರೀ ಅಂಕಿಗಳಾಗಿ ಕೊಟ್ಟಾಗ ಶೇ. 37ಕ್ಕೆ ಇಳಿಯಿತು.

ಹಾಗಾಗಿ ಸಾಲದ ಕಥೆ ಬಿಟ್ಟು ಚಿಲ್ಲರೆಗೆ ಬನ್ನಿ ಅಂತ ಸಲಹೆ ಕೊಟ್ಟೆ. 402ಕ್ಕೆ ನೂರರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಮುಂದಿಡಿ. ಒಂದು ನೂರನ್ನು ಹತ್ತು ಹತ್ತಾಗಿ ಮುರಿಸಲಿ, ಅದರಲ್ಲಿ ಒಂದು ಹತ್ತನ್ನು ಬಿಡಿ ನಾಣ್ಯ ಮಾಡಲಿ. ಈಗ ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ. ಕೈಯಲ್ಲಿ ಆದದ್ದನ್ನು ಆಮೇಲೆ ಅವನೇ ಹಾಳೆ ಮೇಲೆ ಬರೆಯಲಿ.

ಇನ್ನು ಕೆಲವು ಮಾತು ಹೇಳಿದೆ. ‘ಹೇಗೆ ಮಾಡಿದೆ’ ಅನ್ನುವ ಪ್ರಶ್ನೆಯನ್ನು ಸರಿ ಉತ್ತರಕ್ಕೂ ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ ಮಗು ತಕ್ಷಣ ರಬ್ಬರ್‌ಗೆ ಕೈ ಹಾಕುತ್ತದೆ. ಶಾಲೆಯ ಹೋಮ್‌ವರ್ಕ್ ಮುಗಿಸಿಕೊಡುವುದಕ್ಕೆ ಗಂಟೆಯೆಲ್ಲ ಹೋಗದಿರಲಿ. ಅಕ್ಕನ ಮಾರ್ಕ್ಸ್ ಜೊತೆ ಹೋಲಿಕೆ ಬೇಡವೇ ಬೇಡ. ಕೋಪ ಬರುತ್ತಿದೆ ಅನಿಸಿದರೆ ಎದ್ದು ಹೋಗಿ ನೀರು ಕುಡಿದು ಬನ್ನಿ. ಪುಸ್ತಕ ಕುಕ್ಕಿದ್ದಕ್ಕೆ ಅವನ ಹತ್ತಿರ ‘ಅದು ನನ್ನ ತಪ್ಪು ಕಣೋ’ ಅಂತ ಬಾಯಿಬಿಟ್ಟು ಹೇಳಿ. ಮಗು ಅದನ್ನು ಮರೆತಿರುವುದಿಲ್ಲ.

ಕೂರುವ ಜಾಗದ ಬಗ್ಗೆಯೂ ಮಾತಾಡಿದೆವು. ಹಾಲ್‌ನಲ್ಲೇ ಕೂರಿ, ರೂಮಿನಲ್ಲಾದರೆ ಬಾಗಿಲು ತೆರೆದಿರಲಿ. ಒಂಟಿಯಾಗಿ ಮಗುವಿಗೆ ಪಾಠ ಹೇಳುವ ಯಾರಿಗೇ ಆಗಲಿ ಈ ಮಾತು ಹೇಳುತ್ತೇನೆ. ಇದು ಮಗುವಿನ ಸುರಕ್ಷತೆಯ ವಿಷಯ, ಇದರಲ್ಲಿ ಸಂಕೋಚ ಬೇಡ. ತಾಯಿಯ ಕಣ್ಣಿಗೆ ಕಾಣುತ್ತಿರಬೇಕು, ಆದರೆ ಉತ್ತರ ತಾಯಿಯ ಬಾಯಿಂದ ಬರಬಾರದು.

ತಾಯಿಯನ್ನೂ ಒಮ್ಮೆ ಕರೆಸಿದೆ. ಮಗನ 376ರ ಹಾಳೆಯನ್ನು ಮುಂದಿಟ್ಟು, ಅವನು ಹೇಳಿದ ಕಾರಣವನ್ನು ಟೀಚರ್ ಬಾಯಿಂದಲೇ ಹೇಳಿಸಿದೆ. “ನಮ್ಮ ಹುಡುಗ ಇಷ್ಟೆಲ್ಲ ಯೋಚ್ನೆ ಮಾಡ್ತಾನಾ?” ಅಂದರು. ಇನ್ನು ಮೇಲೆ ಪಾಠದ ಹೊತ್ತಿನಲ್ಲಿ ಮನೆ ನಿಶ್ಶಬ್ದವಾಗಿದ್ದರೆ ಮಿಸ್ ಸುಮ್ಮನೆ ಕೂತಿದ್ದಾರೆ ಅಂದುಕೊಳ್ಳಬೇಡಿ, ಅವನು ಯೋಚಿಸುತ್ತಿದ್ದಾನೆ ಅಂದುಕೊಳ್ಳಿ ಎಂದೆ. ಹೂಂ ಅಂದರೂ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಓದುವುದರಲ್ಲೂ ತೊಂದರೆ ಇದೆಯಾ ಅಂತ ಇಬ್ಬರನ್ನೂ ಕೇಳಿ ತಿಳಿದುಕೊಂಡೆ. ಅಕ್ಷರ ಕೂಡಿಸಿ ಓದಲು ತಡಕಾಡುವುದು, ಬೋರ್ಡ್ ನೋಡಿ ಬರೆಯುವಾಗಲೂ ತಪ್ಪುವುದು, ಸಣ್ಣ ಕೂಡುವ ಲೆಕ್ಕಕ್ಕೂ ವರ್ಷಗಟ್ಟಲೆ ಬೆರಳೇ ಬೇಕಾಗುವುದು ಇದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆಗೆ ಕಳಿಸುತ್ತಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ತಡ ಮಾಡಿದಷ್ಟೂ ಮಗುವಿಗೇ ನಷ್ಟ. ಈ ಹುಡುಗನಲ್ಲಿ ಸದ್ಯಕ್ಕೆ ಅಂಥದ್ದು ಕಾಣಲಿಲ್ಲ.

ಆಮೇಲಿನ ಟೆಸ್ಟ್‌ನಲ್ಲಿ ಮಾರ್ಕ್ಸ್ ಸ್ವಲ್ಪ ಏರಿತು, ತಾಯಿ ಬಯಸಿದಷ್ಟು ಏರಲಿಲ್ಲ. ಆದರೆ ಹುಡುಗ ಈಗ “ಇದು ಗೊತ್ತಾಗ್ಲಿಲ್ಲ ಮಿಸ್, ಇಲ್ಲಿಂದ” ಅಂತ ಬೆರಳಿಟ್ಟು ತೋರಿಸುತ್ತಾನಂತೆ. ವಾರಕ್ಕೆ ಮೂರು ದಿನ ಪಾಠ ಸಾಕು, ಉಳಿದ ದಿನ ಅವನೇ ಮಾಡಲಿ ಅಂತ ಟೀಚರ್ ಹೇಳಿ ನೋಡಿದ್ದಾರೆ. ತಾಯಿಗೆ ಇನ್ನೂ ಧೈರ್ಯ ಬಂದಿಲ್ಲ. ಅದನ್ನು ಮಾತಾಡಲು ಮುಂದಿನ ವಾರ ಇಬ್ಬರೂ ಒಟ್ಟಿಗೆ ಬರುತ್ತಿದ್ದಾರೆ.