ಪ್ರತಿಕ್ರಿಯೆ: ದೂರದ ಗುಡ್ಡ ಸರಿ ಕೂಡುತ್ತದೆ, ಹತ್ತಿರದ ಕಂಬಿ ಯಾಕೆ ಮುರಿಯುತ್ತದೆ?

ಟೆರೇಸಿನಲ್ಲಿ ನಿಂತು ಸುತ್ತ ತಿರುಗಿಸಿ ತೆಗೆದ ಫೋಟೊಗಳನ್ನು ಒಂದೇ ಪನೋರಮಾ (ಅಗಲ ಚಿತ್ರ) ಆಗಿ ಜೋಡಿಸಿದಾಗ ಕಂಬಿ ಮುರಿದಂತೆ ಕಾಣುತ್ತದೆ ಅಂತ ಕೇಳಿದ್ದೀರಿ. ಗುಡ್ಡ ಸರಿಯಾಗಿ ಕೂಡಿ ಟೆರೇಸಿನ ಕಂಬಿ ಮಾತ್ರ ತುಂಡಾಗಿದೆ ಅಂದರೆ ತಪ್ಪು ಸಾಫ್ಟ್‌ವೇರಿನದ್ದಲ್ಲ, ಕ್ಯಾಮೆರಾ ತಿರುಗಿದ ಜಾಗದ್ದು. ತಿರುಗಿಸುವಾಗ ನೋಡುವ ಜಾಗವೇ ಸರಿದರೆ, ದೂರದ್ದಕ್ಕಿಂತ ಹತ್ತಿರದ್ದು ಹೆಚ್ಚು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಇದನ್ನು ಪ್ಯಾರಲಾಕ್ಸ್ ಅನ್ನುತ್ತಾರೆ.

ಟ್ರೈಪಾಡ್ ಸ್ಕ್ರೂ ಇರುವುದು ಬಾಡಿಯ ಕೆಳಗೆ. ಆದರೆ ತಿರುಗಬೇಕಾದ ಬಿಂದು ಸಾಮಾನ್ಯವಾಗಿ ಅದಕ್ಕಿಂತ ಮುಂದೆ, ಲೆನ್ಸಿನೊಳಗೆ ಇರುತ್ತದೆ. ಮುಂದಿನಿಂದ ಲೆನ್ಸ್ ನೋಡಿದಾಗ ಅಪರ್ಚರ್‌ನ (ಬೆಳಕು ಒಳಗೆ ಬಿಡುವ) ತೂತು ಎಲ್ಲಿದ್ದಂತೆ ಕಾಣುತ್ತದೋ, ಅಲ್ಲೇ. ಹಾಗಾಗಿ ಟ್ರೈಪಾಡ್ ಮತ್ತು ಕ್ಯಾಮೆರಾ ನಡುವೆ, ಹಿಂದೆ ಮುಂದೆ ಸರಿಸಬಹುದಾದ ಉದ್ದ ಪ್ಲೇಟ್ ಹಾಕಿ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಬೇಕು. ಎಷ್ಟು? ಹತ್ತಿರ ಒಂದು ಕಡ್ಡಿ, ದೂರ ಒಂದು ಕಂಬ ಒಂದೇ ಗೆರೆಯಲ್ಲಿ ಕಾಣುವಂತೆ ನಿಲ್ಲಿಸಿ. ಕ್ಯಾಮೆರಾವನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ. ಎರಡೂ ಬೇರೆಯಾದರೆ ಇನ್ನಷ್ಟು ಸರಿಸಿ. ಬೇರೆಯಾಗದ ಜಾಗ ಸಿಕ್ಕಿದರೆ ಪ್ಲೇಟಿನ ಮೇಲೆ ಗುರುತು ಹಾಕಿಡಿ. ಝೂಮ್ ಬದಲಾಯಿಸಿದರೆ ಗುರುತೂ ಬದಲಾಗುತ್ತದೆ, ನೆನಪಿರಲಿ.

ನಿಮ್ಮ 18 ಎಂಎಂ ಲೆನ್ಸ್, ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್ ಇರುವ) ಬಾಡಿಗೆ, ಫೋಟೊ ಅಗಲಕ್ಕಿಂತ ಎತ್ತರ ಜಾಸ್ತಿ ಬರುವಂತೆ ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ 30 ಡಿಗ್ರಿಗೊಂದರಂತೆ ಒಂದು ಸುತ್ತಿಗೆ 12 ಫೋಟೊ ಸಾಕು. ಮೂರನೇ ಒಂದು ಭಾಗ ಒಂದರ ಮೇಲೊಂದು ಬರುತ್ತದೆ. ಪೂರ್ತಿ ಗೋಳ ಬೇಕಿದ್ದರೆ 45 ಡಿಗ್ರಿ ಮೇಲಕ್ಕೆ ಒಂದು ಸುತ್ತು, ಕೆಳಕ್ಕೆ ಒಂದು ಸುತ್ತು, ಆಮೇಲೆ ನೆತ್ತಿ ಮತ್ತು ನೆಲ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎಲ್ಲಾ ಮ್ಯಾನ್ಯುಯಲ್, ಎಲ್ಲಾ ಫೋಟೊಗೂ ಒಂದೇ. ಇಲ್ಲದಿದ್ದರೆ ಆಕಾಶದಲ್ಲಿ ಪಟ್ಟೆ ಪಟ್ಟೆ.

ಈಗಾಗಲೇ ತೆಗೆದ ಫೋಟೊಗಳನ್ನು ಸುಮ್ನೆ ಎಸೆಯಬೇಡಿ. ಫೋಟೊ ಜೋಡಿಸುವ ಹ್ಯೂಗಿನ್ ಸಾಫ್ಟ್‌ವೇರ್ ಉಚಿತ. ಅದರಲ್ಲಿ ಹತ್ತಿರದ ಮತ್ತು ದೂರದ ಕಂಟ್ರೋಲ್ ಪಾಯಿಂಟ್ (ಎರಡು ಫೋಟೊಗಳಲ್ಲಿ ಒಂದೇ ಜಾಗ ಎಂದು ಗುರುತಿಸಿದ ಬಿಂದು) ಬೆರೆತಿದ್ದರೆ ಹತ್ತಿರದವನ್ನು ಅಳಿಸಿ. ಆಮೇಲೆ ಮಾಸ್ಕ್ ಹಾಕಿ (ಅಂದರೆ ಯಾವ ಫೋಟೊದ ಯಾವ ಭಾಗ ಬೇಕು, ಬೇಡ ಎಂದು ಗುರುತಿಸಿ), ಜೋಡಣೆಯ ಗೆರೆ ಕಂಬಿಯ ಮೇಲೆ ಆದಷ್ಟು ಕಡಿಮೆ ಹಾಯುವಂತೆ ಮಾಡಿ. ಕಂಬಿ ಪೂರ್ತಿ ಸರಿಹೋಗಲಿಕ್ಕಿಲ್ಲ, ಆದರೆ ಕಣ್ಣಿಗೆ ಜಾಸ್ತಿ ಹೊಡೆಯುವುದಿಲ್ಲ.