ಇಂಗ್ಲಿಷ್ ಕವಿತೆಯ ‘ಸ್ಟಿಲ್’ಗೆ ‘ಇನ್ನೂ’ ಅನ್ನೋ ಅರ್ಥ ಯಾಕೆ ಕೂರಲ್ಲ?

‘ಸ್ಟಿಲ್’ ಅಂದರೆ ‘ಇನ್ನೂ’ ಅಂತ ಕಲಿತಿದ್ದೀರಿ, ಕವಿತೆಗಳಲ್ಲಿ ಹಾಗೆ ಓದಿದರೆ ಸಾಲಿನ ತಲೆಬುಡ ತಿಳಿಯುವುದಿಲ್ಲ ಅಂತ ಕೇಳಿದ್ದೀರಿ. ತಪ್ಪು ನಿಮ್ಮದಲ್ಲ, ಆ ಪದವೇ ಹಾಗಿದೆ.

ಅದರ ಹಳೆಯ ಅರ್ಥ ಅಲುಗಾಡದಿರುವುದು. ಕದಲದೆ ಇರುವುದು ಹಾಗೇ ಮುಂದುವರಿಯುತ್ತದೆ, ಅಲ್ವಾ? ಅಲ್ಲಿಂದ ‘ಯಾವಾಗಲೂ’, ಆಮೇಲೆ ‘ಇನ್ನೂ’, ಕೊನೆಗೆ ‘ಆದರೂ’ ಎಂಬ ಅರ್ಥಗಳು ಬಂದವು. ಮಾತಿನಲ್ಲಿ ಪದ ಎಲ್ಲಿ ಕೂತಿದೆ ಅಂತ ನೋಡಿದರೆ ಸಾಕು. ‘ಹಿ ಈಸ್ ಸ್ಟಿಲ್ ಸಿಟ್ಟಿಂಗ್’ ಅಂದರೆ ಇನ್ನೂ ಕೂತಿದ್ದಾನೆ. ‘ಹಿ ಈಸ್ ಸಿಟ್ಟಿಂಗ್ ಸ್ಟಿಲ್’ ಅಂದರೆ ಸಾಮಾನ್ಯವಾಗಿ ಮಿಸುಕಾಡದೆ ಕೂತಿದ್ದಾನೆ ಅಂತ.

ಹಳೆಯ ಸಾಹಿತ್ಯದಲ್ಲಿ ಮಾತ್ರ ಜಾಸ್ತಿ ಹುಷಾರಾಗಿರಬೇಕು. ಶೇಕ್ಸ್‌ಪಿಯರ್‌ನ ‘ದ ಟೆಂಪೆಸ್ಟ್’ ನಾಟಕದಲ್ಲಿ ಏರಿಯಲ್ ಎಂಬ ಮಾಯಾಜೀವಿ ಬರ್ಮುಡಾ ದ್ವೀಪಗಳನ್ನು ‘ಸ್ಟಿಲ್-ವೆಕ್ಸ್ಡ್’ ಅನ್ನುತ್ತಾನೆ. ಅಲ್ಲಿ ಶಾಂತಿ ಹುಡುಕಬೇಡಿ. ಸದಾ ಬಿರುಗಾಳಿಯ ಏಟು ತಿನ್ನುವ ಜಾಗ ಅಂತ ಅರ್ಥ. ಆ ಕಾಲದಲ್ಲಿ ‘ಸ್ಟಿಲ್’ ಅಂದರೆ ‘ಯಾವಾಗಲೂ’ ಅನ್ನುವುದು ಮಾಮೂಲು.

ನನಗೆ ಎಲ್ಲಕ್ಕಿಂತ ಇಷ್ಟ ಇಂಗ್ಲಿಷ್ ಕವಿ ಕೀಟ್ಸ್ ಇದನ್ನು ಬಳಸಿದ ರೀತಿ. 1819ರಲ್ಲಿ ಗ್ರೀಕ್ ಕಲಶದ ಬಗ್ಗೆ ಬರೆದ ಕವಿತೆ ಶುರುವಾಗುವುದೇ ‘ದೌ ಸ್ಟಿಲ್ ಅನ್‌ರ್ಯಾವಿಶ್ಡ್ ಬ್ರೈಡ್ ಆಫ್ ಕ್ವಾಯೆಟ್‌ನೆಸ್’ ಎಂಬ ಸಾಲಿನಿಂದ. ಕಲಶವನ್ನು ಮೌನದ ಮದುವಣಗಿತ್ತಿ ಅಂತ ಕರೆಯುತ್ತಾನೆ. ಅವಳು ಕದಲದೆ ನಿಂತವಳೋ, ಇನ್ನೂ ಯಾರೂ ಮುಟ್ಟದವಳೋ? ಎರಡೂ ಹೌದು. ಕದಲದವಳು ಅಂತ ಓದಿದರೆ ಕಾಲವೇ ನಿಂತ ಹಾಗೆ. ‘ಇನ್ನೂ’ ಅಂತ ಓದಿದರೆ ಮುಂದೆ ಏನೋ ಆಗಬಹುದು ಎಂಬ ಸಣ್ಣ ಅಳುಕು ಸೇರಿಕೊಳ್ಳುತ್ತದೆ. ಆ ಕಲಶದ ಮೇಲಿನ ಚಿತ್ರದಲ್ಲಿರುವ ಪ್ರೇಮಿಯ ಪಾಡೂ ಇದೇ. ಮುತ್ತು ಕೊಡಲು ಇನ್ನೇನು ಒಂದು ಗೇಣು ಅನ್ನುವಾಗಲೇ ನಿಂತುಬಿಟ್ಟಿದ್ದಾನೆ. ಅವನ ಪ್ರೀತಿ ಮುಗಿಯುವುದೂ ಇಲ್ಲ, ಮುತ್ತು ಸಿಗುವುದೂ ಇಲ್ಲ. ಅನುವಾದ ಮಾಡುವವರು ಎರಡರಲ್ಲಿ ಒಂದು ಅರ್ಥ ಆರಿಸಲೇಬೇಕು, ಪಾಪ.

ಕವಿ ಟಿ.ಎಸ್. ಎಲಿಯಟ್ 1936ರ ‘ಬರ್ನ್ಟ್ ನಾರ್ಟನ್’ ಕವಿತೆಯಲ್ಲಿ ತಿರುಗುವ ಜಗತ್ತಿನ ‘ಸ್ಟಿಲ್ ಪಾಯಿಂಟ್’ ಬಗ್ಗೆ ಬರೆಯುತ್ತಾನೆ. ಇಲ್ಲಿ ಸುಮ್ನೆ ‘ನಿಂತ ಬಿಂದು’ ಅಂದರೆ ಸಾಲದು. ಕುಣಿತ ಇರುವುದೇ ಅಲ್ಲಿ, ಅದನ್ನು ಜಡ ಅನ್ನಬೇಡಿ ಅಂತ ಅವನೇ ಹೇಳುತ್ತಾನೆ.

ಅಮೆರಿಕದ ಕವಯಿತ್ರಿ ಮಾಯಾ ಏಂಜೆಲೊ ಅವರ 1978ರ ‘ಸ್ಟಿಲ್ ಐ ರೈಸ್’ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ‘ಆದರೂ’ ಅಂತಲೇ ಓದಿ. ಮಣ್ಣಿಗೆ ಹಾಕಿ ತುಳಿದರೂ ಧೂಳಿನ ಹಾಗೆ ಮೇಲೇಳುತ್ತೇನೆ ಅನ್ನುವ ಕವಿತೆ ಅದು. ಪದದ ಹಳೆಯ ಅರ್ಥ ನಿಂತಲ್ಲೇ ನಿಲ್ಲುವುದು, ಇಲ್ಲಿ ಅದೇ ಪದ ಏಳುವುದಕ್ಕೆ ಜೊತೆಯಾಗಿದೆ.

ಬಟ್ಟಿ ಇಳಿಸುವ ಉಪಕರಣಕ್ಕೂ ‘ಸ್ಟಿಲ್’ ಅಂತಲೇ ಹೆಸರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ಹನಿ ಹನಿಯಾಗಿ ತೊಟ್ಟಿಕ್ಕುವುದು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದದ್ದು.